ಹೇಸಿದ ಹಕ್ಕಿ ಹೊತ್ತಿದ್ದ ಹೊಣೆ

ಊರಾಚೆ ಎಸೆದ ಸತ್ತ ದನವನ್ನು ರಣಹದ್ದುಗಳು ಮುತ್ತುತ್ತಿದ್ದ ದೃಶ್ಯ ನಮ್ಮ ಹಿರಿಯರಿಗೆ ನೆನಪಿರಬಹುದು. ಕೆಲವೇ ಗಂಟೆಗಳಲ್ಲಿ ಅಲ್ಲಿ ಎಲುಬಿನ ಗೂಡು ಮಾತ್ರ ಉಳಿಯುತ್ತಿತ್ತು. ಪವಿತ್ರ ಬೈಬಲಿನ ಯಾಜಕಕಾಂಡವು ಈ ಹಕ್ಕಿಯನ್ನು ತಿನ್ನಬಾರದ ಅಶುದ್ಧ ಪಕ್ಷಿಗಳ ಸಾಲಿಗೆ ಸೇರಿಸಿದೆ. ಆದರೆ ಭೂಮಿಯನ್ನು ಶುದ್ಧವಾಗಿಡುವ ಹೊಣೆಯನ್ನು ಸೃಷ್ಟಿಕರ್ತರು ಇದಕ್ಕೇ ವಹಿಸಿದ್ದರು.

1990ರ ದಶಕದಲ್ಲಿ ಭಾರತದ ಆಗಸದಿಂದ ಈ ಹಕ್ಕಿಗಳು ಮರೆಯಾಗತೊಡಗಿದವು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡಾ 99ಕ್ಕೂ ಹೆಚ್ಚು ಕುಸಿಯಿತು. ಇದಕ್ಕೆ ಕಾರಣ ಬೇಟೆಯಲ್ಲ. ದನಗಳ ನೋವು, ಬಾವುಗಳಿಗೆ ನೀಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೆಂದು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮದ್ದು ಪಡೆದು ಸ್ವಲ್ಪ ಕಾಲದಲ್ಲೇ ಸತ್ತ ದನದ ಮಾಂಸ ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟು, ಅದು ಸಾಯುತ್ತಿತ್ತು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಆ ನಷ್ಟವನ್ನು ತುಂಬಿಕೊಳ್ಳಲಾಗಲಿಲ್ಲ. ಮೂಕಪ್ರಾಣಿಯ ಮೇಲಿನ ಕರುಣೆಯೇ ಮತ್ತೊಂದು ಜೀವಿಗೆ ಮೃತ್ಯುವಾಯಿತು.

ಒಂದು ಕೊಂಡಿ ಕಳಚಿದರೆ ಇಡೀ ಸರಪಳಿಯೇ ಸಡಿಲಗೊಳ್ಳುತ್ತದೆ. ಕಳೇಬರಗಳು ಕೊಳೆತು ನೀರು ಕೆಟ್ಟಿತು. ಅವನ್ನು ತಿಂದು ಬೀದಿನಾಯಿಗಳು ಹೆಚ್ಚಿದವು. ಅವುಗಳೊಂದಿಗೆ ರೇಬಿಸ್ ಭೀತಿಯೂ ಬೆಳೆಯಿತು. ಹದ್ದುಗಳ ಅಳಿವಿನಿಂದಾಗಿ 2000–2005ರ ಅವಧಿಯಲ್ಲಿ ದೇಶದಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಮರಣಗಳು ಸಂಭವಿಸಿದವೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ನಾವು ಹೇಸುತ್ತಿದ್ದ ಹಕ್ಕಿಯೇ ನಮ್ಮ ಮಕ್ಕಳ ಪ್ರಾಣವನ್ನೂ ಕಾಯುತ್ತಿತ್ತು!

2006ರಲ್ಲಿ ಸರ್ಕಾರ ಪಶುಚಿಕಿತ್ಸೆಯಲ್ಲಿ ಈ ಔಷಧವನ್ನು ನಿಷೇಧಿಸಿತು. ಹದ್ದುಗಳಿಗೆ ಹಾನಿಕರವಾದ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳ ಮೇಲೂ 2023ರಲ್ಲಿ ಇಂತಹುದೇ ನಿಷೇಧ ಬಂದಿತು. ನಮ್ಮ ರಾಜ್ಯದ ರಾಮನಗರದಲ್ಲಿರುವ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಆದರೆ ಕಾನೂನಿನ ಕಣ್ಣು ಪ್ರತಿ ಕೊಟ್ಟಿಗೆಯನ್ನೂ ತಲುಪದು. ಅಲ್ಲಿ ಕಾಯಬೇಕಾದವರು ನಾವೇ.

ಹಸು ಸಾಕುವ ಕುಟುಂಬಗಳು ಮನುಷ್ಯರಿಗಾಗಿ ಮಾರುವ ನೋವಿನ ಮದ್ದನ್ನು ತಾವೇ ತಂದು ದನಕ್ಕೆ ಕೊಡಬಾರದು. ಹದ್ದುಗಳಿಗೆ ಸುರಕ್ಷಿತವೆಂದು ಸಾಬೀತಾಗಿರುವ ಮೆಲಾಕ್ಸಿಕಾಮ್ ಕೊಡಬಹುದೇ ಎಂದು ಪಶುವೈದ್ಯರನ್ನು ಕೇಳಬೇಕು. ಮದ್ದು ಪಡೆದ ದನ ಸತ್ತರೆ ಬಯಲಿಗೆಸೆಯದೆ ಆಳವಾಗಿ ಹೂಳಬೇಕು.

ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು 1979ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪೌಲರು ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಅಕ್ಟೋಬರ್ 4ರಂದು ಅವರ ಹಬ್ಬವನ್ನಾಚರಿಸುವ ನಾವು ಗುಬ್ಬಚ್ಚಿ, ಪಾರಿವಾಳಗಳನ್ನಷ್ಟೇ ಪ್ರೀತಿಸಿದರೆ ಸಾಲದು. ಅಂದವಿಲ್ಲದ ಈ ಬೋಳುತಲೆಯ ಹಕ್ಕಿಯೂ ಅದೇ ತಂದೆಯ ಕೈಕೃತಿಯೆಂಬುದನ್ನು ನಮ್ಮ ಮಕ್ಕಳಿಗೆ ಕಲಿಸೋಣ.