ಯಂತ್ರವಿಲ್ಲದ ಪ್ರಯೋಗಶಾಲೆ

ಇಂಜನಿಯರಿಂಗ್ ವಿದ್ಯೆಯು ಅರ್ಧ ಓದಿನಿಂದಲೂ ಅರ್ಧ ಕೈಕೆಲಸದಿಂದಲೂ ಬರತಕ್ಕುದೆಂಬುದು ಬಹುಕಾಲದ ನಂಬಿಕೆ. ಆ ಕೈಕೆಲಸದ ಭಾಗವನ್ನೂ ಕಂಪ್ಯೂಟರಿನ ಪರದೆಯ ಮೇಲೆ ಕಲಿಸಬಹುದೆಂಬ ಮಾತು ಈಗ ನಮ್ಮ ಕಾಲೇಜುಗಳಲ್ಲಿ ಕೇಳಿಬರುತ್ತಿದೆ. ಈ ಏರ್ಪಾಟಿಗೆ ವರ್ಚುವಲ್ ಲ್ಯಾಬ್ ಎಂದು ಹೆಸರು. ತೋರಿಕೆಯ ಪ್ರಯೋಗಶಾಲೆ ಎಂದರೆ ವಾಚಕರಿಗೆ ಅರ್ಥವಾದೀತು. ಇದು ಒಳ್ಳೆಯದೋ ಕೆಟ್ಟದೋ ಎಂದು ವಾದಿಸುವವರು ಹಲವರಿದ್ದಾರೆ. ನಮಗೆ ತೋರುವ ಪ್ರಶ್ನೆ ಬೇರೆ: ಇದರ ಲಾಭ ವಿದ್ಯಾರ್ಥಿಗೆ ಸಲ್ಲುವುದೋ, ಕಾಲೇಜಿನ ಬೊಕ್ಕಸಕ್ಕೆ ಸಲ್ಲುವುದೋ?

ಕೇಂದ್ರ ಸರ್ಕಾರವು 2009ರಲ್ಲಿ ಕೈಗೊಂಡ ರಾಷ್ಟ್ರೀಯ ಶಿಕ್ಷಣ ಯೋಜನೆಯೊಂದರ ಅಂಗವಾಗಿ ಈ ಕಾರ್ಯವು ಮೊದಲಾಯಿತು. ದೆಹಲಿಯ ಐ.ಐ.ಟಿ. ಇದಕ್ಕೆ ಮುಂದಾಳು. ಬೊಂಬಾಯಿ, ಕಾನ್ಪುರ, ಖರಗಪುರ ಮೊದಲಾದೆಡೆಗಳ ಐ.ಐ.ಟಿ.ಗಳೂ, ನಮ್ಮ ಸುರತ್ಕಲ್ಲಿನ ಎನ್.ಐ.ಟಿ.ಯೂ, ಪುಣೆಯ ಇಂಜನಿಯರಿಂಗ್ ಕಾಲೇಜೂ ಇದರಲ್ಲಿ ಭಾಗಿಗಳು. ಪುಣೆಯ ಹೆಸರು ಕಂಡಾಗ ನಮಗೆ ಒಂದು ಸಂಗತಿ ನೆನಪಾಗುತ್ತದೆ. ವಿಶ್ವೇಶ್ವರಯ್ಯನವರು ತಾರುಣ್ಯದಲ್ಲಿ ಇಂಜನಿಯರಿಂಗ್ ಕಲಿಯುವುದಕ್ಕೆ ಮೈಸೂರು ಸೀಮೆಯನ್ನು ಬಿಟ್ಟು ಆ ಊರಿಗೇ ಹೋಗಬೇಕಾಯಿತು. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜನಿಯರಿಂಗ್ ಕಾಲೇಜು ಆರಂಭವಾಯಿತು. ಈಗ ಆ ಪುಣೆಯ ಪ್ರಯೋಗವನ್ನು ಯಾದಗಿರಿಯಲ್ಲಿ ಕುಳಿತ ಹುಡುಗನು ಕಾಸು ಖರ್ಚಿಲ್ಲದೆ ನೋಡಬಹುದು. ಇದು ಸಾಮಾನ್ಯ ಸೌಕರ್ಯವಲ್ಲ.

ಇವುಗಳಲ್ಲಿ ಬಗೆಗಳುಂಟು. ಕೆಲವು ಪ್ರಯೋಗಗಳು ಶುದ್ಧ ಗಣಿತದಿಂದ ರಚಿತವಾದ ಚಿತ್ರಗಳು. ಕೆಲವದರಲ್ಲಿ ಮೊದಲೇ ಅಳೆದಿಟ್ಟ ನಿಜವಾದ ಅಂಕಿಗಳು ದೊರೆಯುತ್ತವೆ. ಮೂರನೆಯ ಬಗೆ ಎಲ್ಲಕ್ಕಿಂತ ಮೇಲು: ದೂರದ ಕಾಲೇಜಿನಲ್ಲಿ ನಿಜವಾದ ಉಪಕರಣವೇ ಇದ್ದು, ವಿದ್ಯಾರ್ಥಿಯು ಅಂತರ್ಜಾಲದ ಮೂಲಕ ಅದನ್ನು ನಡೆಸುತ್ತಾನೆ. ಅಮೆರಿಕದ ಎಂ.ಐ.ಟಿ.ಯಲ್ಲಿ 1998ರಷ್ಟು ಹಿಂದೆಯೇ ಟ್ರಾನ್ಸಿಸ್ಟರುಗಳ ಗುಣವನ್ನು ಹೀಗೆ ದೂರದಿಂದ ಅಳೆಯುವ ಏರ್ಪಾಟು ನಡೆದಿತ್ತು.

ಇದರ ಗುಣವನ್ನು ಮೊದಲು ಹೇಳೋಣ. ಡಿ.ಸಿ. ಷಂಟ್ ಮೋಟಾರು ಹೊರೆಯಿಲ್ಲದೆ ತಿರುಗುತ್ತಿರುವಾಗ ಅದರ ಫೀಲ್ಡ್ ತಂತಿ ಕಡಿದುಹೋದರೆ ವೇಗವು ಮಿತಿಮೀರಿ ಏರಿ ಯಂತ್ರವೇ ಸಿಡಿದು ಚೂರಾಗುವ ಅಪಾಯವುಂಟು. ಪಾಠದಲ್ಲಿ ಇದನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಕಣ್ಣಾರೆ ತೋರಿಸುವ ಧೈರ್ಯ ಯಾವ ಉಪಾಧ್ಯಾಯನಿಗೂ ಇರಲಾರದು, ಇರಲೂಬಾರದು. ಪರದೆಯ ಮೇಲಾದರೆ ಹುಡುಗನು ಆ ತಪ್ಪನ್ನು ಹತ್ತು ಸಲ ಮಾಡಿ, ಹತ್ತು ಸಲವೂ ಬದುಕಿ, ಕಾರಣವನ್ನು ತಿಳಿಯಬಹುದು. 2020ರಲ್ಲಿ ಕೋವಿಡ್ ರೋಗದಿಂದ ಕಾಲೇಜುಗಳು ಮುಚ್ಚಿದಾಗ ಮನೆಯಲ್ಲಿ ಉಳಿದ ವಿದ್ಯಾರ್ಥಿಗಳಿಗೆ ಇಂಥ ಪ್ರಯೋಗಶಾಲೆಗಳೇ ಆಸರೆಯಾದುವೆಂಬುದನ್ನೂ ಮರೆಯಲಾಗದು.

ಇನ್ನು ಉಕ್ಕಿನ ಎಳೆತದ ಪರೀಕ್ಷೆಯನ್ನು ನೋಡಿ. ಮೆದು ಉಕ್ಕಿನ ಸಲಾಕೆಯನ್ನು ಯಂತ್ರದ ದವಡೆಗಳಲ್ಲಿ ಕಚ್ಚಿಸಿ ಎಳೆಯುತ್ತಾರೆ. ಭಾರವು ಸಮನಾಗಿ ಏರುತ್ತ ಹೋಗಿ ಒಂದು ಹಂತದಲ್ಲಿ ಮುಳ್ಳು ತಟಸ್ಥವಾಗುತ್ತದೆ. ಉಕ್ಕು ಮಣಿಯಿತೆಂಬುದಕ್ಕೆ ಅದೇ ಗುರುತು. ಆಮೇಲೆ ಸಲಾಕೆಯ ನಡು ಸಣ್ಣಗಾಗಿ, ದೊಡ್ಡ ಸದ್ದಿನೊಡನೆ ತುಂಡಾಗುತ್ತದೆ. ಒಂದು ತುಂಡಿನ ತುದಿ ಬಟ್ಟಲಿನಂತೆ, ಇನ್ನೊಂದರದು ಮೊಟಕು ಶಂಕುವಿನಂತೆ. ಕೂಡಲೇ ಮುಟ್ಟಿದರೆ ಮುರಿದೆಡೆ ಬೆಚ್ಚಗಿರುತ್ತದೆ. ಪರದೆಯ ಮೇಲೆ ಇದರ ವಕ್ರರೇಖೆ ಅಚ್ಚುಕಟ್ಟಾಗಿ ಮೂಡುವುದು ನಿಜ. ಆದರೆ ದವಡೆಯಲ್ಲಿ ಸಲಾಕೆ ಜಾರಿದರೆ ಏನು ಮಾಡಬೇಕು, ವರ್ನಿಯರ್ ಅಳತೆಯಲ್ಲಿ ಮೊದಲೇ ತಪ್ಪಿದ್ದರೆ ಹೇಗೆ ಕಂಡುಹಿಡಿಯಬೇಕು ಎಂಬುದನ್ನು ಆ ರೇಖೆ ಹೇಳದು. ನಾಳೆ ಸೇತುವೆಗೆ ಬಂದ ಕಂಬಿಯನ್ನು ಒಪ್ಪಬೇಕೋ ತಿರಸ್ಕರಿಸಬೇಕೋ ಎಂದು ನಿಶ್ಚಯಿಸಬೇಕಾದವನಿಗೆ ಬೇಕಾದುದು ಈ ಅರಿವೇ.

ಹಾಗೆಂದು ಈಗಿನ ಪ್ರಯೋಗತರಗತಿಯೇನೂ ಪರಿಶುದ್ಧವಲ್ಲ. ಒಂದೇ ಯಂತ್ರದ ಸುತ್ತ ಇಪ್ಪತ್ತು ಮಂದಿ ನಿಂತು, ಸಹಾಯಕನು ಒಂದು ಸಲಾಕೆಯನ್ನು ಮುರಿದು, ಹಿಂದಿನ ಸಾಲಿನವರು ಮುಂದಿನವರ ಅಂಕಿಗಳನ್ನು ನಕಲು ಮಾಡಿ ರೆಕಾರ್ಡು ಪುಸ್ತಕವನ್ನು ತುಂಬುವುದು ಎಷ್ಟು ಕಾಲೇಜುಗಳಲ್ಲಿ ನಡೆಯುತ್ತಿಲ್ಲ! ಅಂಥ ಹುಡುಗನು ಹಿಂದಿನ ರಾತ್ರಿ ಪರದೆಯ ಮೇಲೆ ಆ ಪರೀಕ್ಷೆಯನ್ನು ತಾನೇ ನಡೆಸಿ ಬಂದಿದ್ದರೆ, ಮರುದಿನ ಮುಳ್ಳು ನಿಂತ ಕ್ಷಣವನ್ನು ಗುರುತಿಸಬಲ್ಲನು. ತೋರಿಕೆಯ ಪ್ರಯೋಗಶಾಲೆಗೆ ಸಲ್ಲತಕ್ಕ ಸ್ಥಾನ ಇದೇ: ನಿಜವಾದುದಕ್ಕಿಂತ ಮುಂಚೆ, ನಿಜವಾದುದರ ಜೊತೆಗೆ.

ನಮ್ಮ ಭಯವಿರುವುದು ಆಡಳಿತ ಮಂಡಳಿಗಳ ವಿಷಯದಲ್ಲಿ. ಯಂತ್ರಕ್ಕೆ ಬೆಲೆಯುಂಟು, ಅದನ್ನು ನೋಡಿಕೊಳ್ಳುವ ನುರಿತ ಕುಶಲಕರ್ಮಿಗೆ ತಿಂಗಳ ಸಂಬಳ ಕೊಡಬೇಕು, ಮುರಿಯುವ ಪ್ರತಿಯೊಂದು ಸಲಾಕೆಗೂ ದುಡ್ಡು. ಪುಕ್ಕಟೆಯಾಗಿ ದೊರೆಯುವ ಪರದೆಯನ್ನು ತೋರಿಸಿ ಇವೆಲ್ಲವನ್ನೂ ಉಳಿಸುವ ಆಸೆ ಯಾರಿಗೆ ಬಾರದು? ವಿದ್ಯಾರ್ಥಿಯಿಂದ ಮಾತ್ರ ಪೂರ್ತಿ ಶುಲ್ಕವನ್ನೇ ವಸೂಲು ಮಾಡುತ್ತಾರೆ. ಆದುದರಿಂದ ಪರಿಶೀಲನೆಗೆ ಹೋಗುವ ಅಧಿಕಾರಿಗಳು ದಾಸ್ತಾನು ಪಟ್ಟಿಯಲ್ಲಿ ಯಂತ್ರದ ಹೆಸರನ್ನು ಓದಿ ತೃಪ್ತರಾಗದೆ, ಒಬ್ಬ ಹುಡುಗನನ್ನು ಕರೆದು ಅದನ್ನು ನಡೆಸಲು ಹೇಳಬೇಕು. ಪರದೆಯ ಪ್ರಯೋಗವನ್ನು ಪರೀಕ್ಷೆಯ ಕೈಕೆಲಸದ ಅಂಕಗಳಿಗೆ ಬದಲಾಗಿ ಎಣಿಸಕೂಡದೆಂದು ವಿಶ್ವವಿದ್ಯಾನಿಲಯದವರು ಸ್ಪಷ್ಟವಾದ ನಿಯಮವನ್ನೇ ಮಾಡಬೇಕು.

ಇನ್ನೊಂದು ಕೊರತೆಯಿದೆ. ಇಂಜನಿಯರಿಂಗನ್ನು ಕನ್ನಡದಲ್ಲಿ ಬೋಧಿಸಬಹುದೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು 2021ರಲ್ಲಿ ಅನುಮತಿ ಕೊಟ್ಟಿತು. ಆದರೆ ಈ ಪ್ರಯೋಗಗಳ ವಿವರಣೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇದೆ. ಪುಸ್ತಕವನ್ನು ಕನ್ನಡಕ್ಕೆ ತರುವ ಶ್ರಮಕ್ಕೆ ಹೋಲಿಸಿದರೆ, ಒಂದೊಂದು ಪ್ರಯೋಗದ ನಾಲ್ಕಾರು ಪುಟಗಳನ್ನು ತರುವುದು ಸಣ್ಣ ಕೆಲಸ. ಸುರತ್ಕಲ್ಲಿನವರು ಯೋಜನೆಯಲ್ಲಿ ಪಾಲುದಾರರಾಗಿರುವುದರಿಂದ ತಾವು ರಚಿಸಿದ ಪ್ರಯೋಗಗಳಿಂದಲೇ ಇದನ್ನು ಆರಂಭಿಸಬಹುದು. ಹಳ್ಳಿಯಿಂದ ಬಂದ ಮೊದಲ ವರ್ಷದ ವಿದ್ಯಾರ್ಥಿಗೆ ಬೇಕಾದ ವಿದ್ಯುತ್ ಮತ್ತು ಲೋಹಪರೀಕ್ಷೆಯ ಪ್ರಯೋಗಗಳನ್ನು ಮೊದಲು ತೆಗೆದುಕೊಂಡರೆ ಒಳ್ಳೆಯದು.