ಊದಿದ ಕಾಲಿಗೆ ಮದ್ದಿಲ್ಲ ಎಂದವರು ಯಾರು?

ಆನೆಕಾಲು ಬಂದರೆ ಮತ್ತೇನೂ ಮಾಡುವಂತಿಲ್ಲ ಎಂಬ ಮಾತು ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಬೆಳ್ತಂಗಡಿ ತಾಲೂಕಿನಲ್ಲಿರುವ ನನ್ನ ದೊಡ್ಡಮ್ಮ ಅದನ್ನೇ ನಂಬಿ 11 ವರ್ಷ ಎಡಗಾಲನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಕೊಂಡು ಕಳೆದರು. ಮದುವೆ, ಕೋಲ, ಜಾತ್ರೆ ಯಾವುದಕ್ಕೂ ಬರುತ್ತಿರಲಿಲ್ಲ. ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕುಳಿತರೆ ಅಲ್ಲಿಗೆ ದಿನ ಮುಗಿಯಿತು. ವರ್ಷಕ್ಕೆ ಮೂರ್ನಾಲ್ಕು ಸಲ ಚಳಿಜ್ವರ ಬರುತ್ತಿತ್ತು, ಕಾಲು ಕೆಂಪಗಾಗಿ ಇನ್ನಷ್ಟು ಊದುತ್ತಿತ್ತು. ಜ್ವರ ಬಿಟ್ಟ ಮೇಲೂ ಕಾಲು ಮೊದಲಿನ ಅಳತೆಗೆ ಮರಳುತ್ತಿರಲಿಲ್ಲ.

ನನ್ನ ಮನೆ ಬಂಟ್ವಾಳ, ಓದುತ್ತಿರುವುದು ಮೂಡುಬಿದಿರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ವೈದ್ಯಕೀಯಕ್ಕೂ ನನಗೂ ಪಿಯುಸಿಯ ಬಯಾಲಜಿಯಷ್ಟೇ ಸಂಬಂಧ. ಆದರೆ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪಂಪು, ವಾಲ್ವು, ಒತ್ತಡಗಳ ಲೆಕ್ಕ ಬಿಡಿಸುವಾಗ ದೊಡ್ಡಮ್ಮನ ಕಾಲು ನೆನಪಾಯಿತು. ಊತ ಎಂದರೆ ಎಲ್ಲೋ ಹರಿಯಬೇಕಾದ ನೀರು ಹರಿಯದೆ ನಿಂತದ್ದು ತಾನೆ? ಹಾಗಾದರೆ ಅದನ್ನು ಹರಿಸಲು ಸಾಧ್ಯವಿಲ್ಲವೆ?

ಹೃದಯ ತಳ್ಳಿದ ರಕ್ತ ಅತಿ ಸಣ್ಣ ನಾಳಗಳಲ್ಲಿ ಹೋಗುವಾಗ ಅದರಿಂದ ಸ್ವಲ್ಪ ದ್ರವ ಹೊರಗೆ ಜಿನುಗುತ್ತದೆ. ಜೀವಕೋಶಗಳಿಗೆ ಆಹಾರ ಮುಟ್ಟುವುದೇ ಹೀಗೆ. ಹೀಗೆ ಹೊರಬಿದ್ದದ್ದರಲ್ಲಿ ಉಳಿದ ದ್ರವ, ಪ್ರೋಟೀನುಗಳನ್ನು ಎತ್ತಿಕೊಂಡು ಹೋಗಿ ಮತ್ತೆ ರಕ್ತಕ್ಕೆ ಸೇರಿಸಲು ಇನ್ನೊಂದು ಜಾಲವೇ ಇದೆ. ಅದರಲ್ಲಿ ಹರಿಯುವುದು ದುಗ್ಧರಸ. ದುಗ್ಧ ಎಂದರೆ ಹಾಲು. 1622ರಲ್ಲಿ ಇಟಲಿಯ ಗ್ಯಾಸ್ಪರೆ ಅಸೆಲ್ಲಿ ಆಗಷ್ಟೇ ಊಟ ಮಾಡಿದ್ದ ನಾಯಿಯ ಹೊಟ್ಟೆಯನ್ನು ಸೀಳಿದಾಗ ಹಾಲಿನಂಥ ಬಿಳಿ ಎಳೆಗಳನ್ನು ಕಂಡದ್ದು ಇದೇ ನಾಳಗಳನ್ನು. ದಿನಕ್ಕೆ ಸುಮಾರು 2ರಿಂದ 4 ಲೀಟರ್ ದ್ರವ ಈ ದಾರಿಯಲ್ಲಿ ಸಾಗುತ್ತದೆ.

ಅಡಿಕೆ ತೋಟ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಸ್ಪ್ರಿಂಕ್ಲರ್ ಬುಡಕ್ಕೆ ನೀರು ಕೊಡುತ್ತದೆ, ಹೆಚ್ಚಾದದ್ದನ್ನು ಕಣಿ ಹೊರಗೆ ಒಯ್ಯುತ್ತದೆ. ಕಣಿ ಮುಚ್ಚಿದರೆ ನೀರು ನಿಂತು ಬೇರು ಕೊಳೆಯುತ್ತದೆ. ದುಗ್ಧರಸದ ಜಾಲ ದೇಹದ ಕಣಿ. ವ್ಯತ್ಯಾಸವೆಂದರೆ ಈ ಕಣಿಯ ನೀರು ಪಾದದಿಂದ ಎದೆಯವರೆಗೆ ಮೇಲಕ್ಕೆ ಹತ್ತಬೇಕು, ಅದಕ್ಕೆ ಹೃದಯದಂಥ ಪಂಪು ಇಲ್ಲ. ನಾಳದ ಒಳಗೆ ಹೆಜ್ಜೆ ಹೆಜ್ಜೆಗೂ ಒಂದೇ ಕಡೆ ತೆರೆಯುವ ಕವಾಟಗಳಿವೆ, ಒಂದು ಕವಾಟದಿಂದ ಇನ್ನೊಂದರವರೆಗಿನ ತುಂಡು ತಾನಾಗಿಯೇ ಹಿಂಡಿಕೊಳ್ಳುತ್ತದೆ. ಉಳಿದ ಕೆಲಸ ನಡೆಯುವಾಗಿನ ಮೀನಖಂಡದ್ದು ಮತ್ತು ಉಸಿರಾಟದ್ದು. ಎರಡೂ ಕಾಲಿನ ದ್ರವ ಕೊನೆಗೆ ಎಡ ಕೊರಳ ಬುಡದಲ್ಲಿ ರಕ್ತನಾಳಕ್ಕೆ ಬಂದು ಬೀಳುತ್ತದೆ. ಮೆಕ್ಯಾನಿಕಲ್ ವಿದ್ಯಾರ್ಥಿಗಳು ಒಮ್ಮೆ ಇದರ ಚಿತ್ರ ನೋಡಬೇಕು. ನಮ್ಮ ಚೆಕ್ ವಾಲ್ವ್ ಇದರ ಮುಂದೆ ಸಪ್ಪೆ.

ನಮ್ಮ ಕರಾವಳಿಯಲ್ಲಿ ಈ ಕಣಿಯನ್ನು ಕೆಡಿಸುತ್ತಾ ಬಂದದ್ದು ವುಚರೇರಿಯಾ ಎಂಬ ನೂಲಿನಂಥ ಹುಳ. ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ತರುತ್ತದೆ. ದುಗ್ಧರಸದ ನಾಳದೊಳಗೆ ವರ್ಷಗಟ್ಟಲೆ ಬದುಕಿ ಕವಾಟಗಳನ್ನು ಹಾಳುಮಾಡುತ್ತದೆ. ಅದರ ಮರಿಗಳು ರಕ್ತದಲ್ಲಿ ಓಡಾಡುವುದು ರಾತ್ರಿ ಹೊತ್ತು. ಆರೋಗ್ಯ ಇಲಾಖೆಯವರು ರಾತ್ರಿ ರಕ್ತ ತೆಗೆಯುವುದು ಅದಕ್ಕೇ. ಮನೆಮನೆಗೆ ಬಂದು ನುಂಗಿಸುವ ಡಿಇಸಿ ಮತ್ತು ಅಲ್ಬೆಂಡಜೋಲ್ ಮಾತ್ರೆ ಮರಿಗಳನ್ನು ಕೊಂದು ರೋಗ ಹರಡುವುದನ್ನು ತಡೆಯುತ್ತದೆ. ಆದರೆ ಕೆಟ್ಟುಹೋದ ನಾಳವನ್ನು ರಿಪೇರಿ ಮಾಡುವುದಿಲ್ಲ. ‘ಮದ್ದಿಲ್ಲ’ ಎಂಬ ಮಾತು ಹುಟ್ಟಿದ್ದು ಇಲ್ಲಿಯೇ ಇರಬೇಕು.

ಮಾತ್ರೆ ಇಲ್ಲ, ನಿಜ. ಕೈಯಿಂದ ಮಾಡುವ ಚಿಕಿತ್ಸೆ ಇದೆ. 1930ರ ದಶಕದಲ್ಲಿ ಡೆನ್ಮಾರ್ಕ್‌ನ ಎಮಿಲ್ ವೋಡರ್ ಮತ್ತು ಪತ್ನಿ ಎಸ್ಟ್ರಿಡ್ ಹಗುರವಾಗಿ ಚರ್ಮ ಸರಿಸಿ ದುಗ್ಧರಸ ಹರಿಸುವ ವಿಧಾನವನ್ನು ರೂಪಿಸಿದರು. ಅದಕ್ಕೆ ಚರ್ಮದ ಆರೈಕೆ, ಬಿಗಿಪಟ್ಟಿ, ವ್ಯಾಯಾಮ ಸೇರಿ ಇಂದಿನ ಪದ್ಧತಿಯಾಗಿದೆ. ಇದಕ್ಕಾಗಿ ಯುರೋಪಿಗೆ ಹೋಗಬೇಕಿಲ್ಲ. ಕಾಸರಗೋಡಿನ ಉಳಿಯತ್ತಡ್ಕದಲ್ಲಿ 1999ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಈ ಕೆಲಸಕ್ಕೆ ಹೊರದೇಶಗಳಲ್ಲೂ ಹೆಸರಾಗಿದೆ. ಚರ್ಮರೋಗ ತಜ್ಞ ಡಾ. ಎಸ್. ಆರ್. ನರಹರಿ ಅವರು ಆಕ್ಸ್‌ಫರ್ಡ್‌ನ ಪ್ರೊಫೆಸರ್ ಟೆರೆನ್ಸ್ ರಯಾನ್ ಅವರ ಜೊತೆಗೂಡಿ ಅಲೋಪಥಿ, ಆಯುರ್ವೇದ, ಯೋಗ ಮೂರನ್ನೂ ಹೊಂದಿಸಿದರು. ಸೋಪಿನಲ್ಲಿ ಕಾಲು ತೊಳೆದು ಒರೆಸುವುದು, ಗಿಡಮೂಲಿಕೆಯ ನೀರಿನಲ್ಲಿ ನೆನೆಸುವುದು, ಎಣ್ಣೆ ಹಚ್ಚಿ ನೀವುವುದು, ಯೋಗ, ಬಿಗಿಪಟ್ಟಿ, ಹೀಗೆ ಕ್ರಮವಿದೆ. ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲಿ ಇದನ್ನು ರೋಗಿಗಳಿಗೇ ಕಲಿಸಿ, ಕಾಲಿನ ಊತವೂ ಜ್ವರವೂ ಕಡಿಮೆಯಾದ ವಿವರವನ್ನು 2013ರಲ್ಲಿ ಪ್ರಕಟಿಸಿದ್ದಾರೆ.

ದೊಡ್ಡಮ್ಮ ಕಲಿತದ್ದು ಮಂಗಳೂರಿನ ಒಬ್ಬರು ಫಿಸಿಯೋಥೆರಪಿಸ್ಟ್ ಹತ್ತಿರ. ಮೊದಲ ದಿನ ಅವರು ಕಾಲನ್ನು ಮುಟ್ಟಲೇ ಇಲ್ಲ. ಕೊರಳ ಬುಡದಲ್ಲಿ ಮೆಲ್ಲಗೆ ಕೈ ಆಡಿಸಿದರು, ದೀರ್ಘ ಉಸಿರು ತೆಗೆಸಿದರು, ಆಮೇಲೆ ತೊಡೆಸಂದು, ಆಮೇಲೆ ತೊಡೆ. ಪಾದ ಕೊನೆಗೆ. “ಕಾಲು ಊದಿದ್ದು ಕೆಳಗೆ, ಇವರು ಉಜ್ಜುವುದು ಕುತ್ತಿಗೆಗಾ ಮಗಾ?” ಎಂದು ದೊಡ್ಡಮ್ಮ ನನ್ನನ್ನು ಕೇಳಿದರು. ಕಲ್ಲಡ್ಕದಲ್ಲಿ ಬ್ಲಾಕ್ ಆದಾಗ ಮುಂದಿನ ಗಾಡಿ ಸರಿಯದೆ ಹಿಂದಿನ ಬಸ್ಸಿಗೆ ದಾರಿ ಸಿಗುವುದಿಲ್ಲ ಎಂದೆ. ಕೂಡಲೇ ಅರ್ಥವಾಯಿತು. ಒತ್ತಡವೂ ಅಷ್ಟೇ ಹಗುರ. ಈ ನಾಳಗಳು ಚರ್ಮದ ಅಡಿಯಲ್ಲೇ ಇರುವುದರಿಂದ ಬಲವಾಗಿ ತಿಕ್ಕಿದರೆ ಅವು ಮುಚ್ಚಿಯೇ ಹೋಗುತ್ತವೆ.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ್ದು ಕಾಲು ತೊಳೆಯುವ ಕೆಲಸ. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುವುದೇ ಆ ಚಳಿಜ್ವರಕ್ಕೆ ಕಾರಣ. ನಮ್ಮ ಮಳೆಗಾಲದಲ್ಲಿ ಬೆರಳ ಸಂದಿ ಒಣಗಿರುವುದುಂಟೆ? ಈಗ ದೊಡ್ಡಮ್ಮ ಎರಡು ಹೊತ್ತು ಸೋಪು ಹಾಕಿ ತೊಳೆದು, ಹತ್ತಿ ಬಟ್ಟೆಯಿಂದ ಒಂದೊಂದು ಸಂದಿಯನ್ನೂ ಒರೆಸುತ್ತಾರೆ. ಏಳು ತಿಂಗಳಿನಿಂದ ಜ್ವರ ಬಂದಿಲ್ಲ.

ಇನ್‌ಸ್ಟಾಗ್ರಾಂನಲ್ಲಿ ‘ಲಿಂಫ್ಯಾಟಿಕ್ ಡ್ರೈನೇಜ್’ ಎಂದು ಮುಖ ಸಣ್ಣ ಮಾಡುವ ರೀಲ್ಸ್‌ಗಳನ್ನು ನೀವೂ ನೋಡಿರುತ್ತೀರಿ. ಇದರಿಂದ ಕೊಬ್ಬು ಕರಗುವುದಿಲ್ಲ. ಆ ರೀಲ್ಸ್ ನೋಡಿ ಮನೆಯವರ ಕಾಲು ಹಿಡಿಯಲೂ ಹೋಗಬೇಡಿ. ಕಾಲು ಕೆಂಪಾಗಿ ಬಿಸಿಯಿದ್ದರೆ, ಜ್ವರವಿದ್ದರೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಹೃದಯದ ತೊಂದರೆಯಿಂದ ಊದಿದ್ದರೆ ನೀವುವುದು ಅಪಾಯ. ಊತ ಏತಕ್ಕೆ ಎಂದು ಮೊದಲು ವೈದ್ಯರು ಹೇಳಬೇಕು. ಸ್ತನ ಕ್ಯಾನ್ಸರ್‌ಗೆ ಕಂಕುಳಿನ ಗ್ರಂಥಿ ತೆಗೆಸಿಕೊಂಡವರಿಗೆ ಕೈ ಊದುವುದೂ ಇದೇ ಕಣಿಯ ಸಮಸ್ಯೆ. ಅಂಥವರು ಮನೆಯಲ್ಲಿದ್ದರೆ ಊತ ಸಣ್ಣದಿರುವಾಗಲೇ ಕೇಳಿ. ತಡವಾದಷ್ಟು ಚರ್ಮ ದಪ್ಪಗಾಗಿ ಗಟ್ಟಿಯಾಗುತ್ತದೆ, ಆಮೇಲೆ ಇಳಿಸುವುದು ಕಷ್ಟ.

ಶನಿವಾರ ಕಾಲೇಜು ಮುಗಿಸಿ ವೇಣೂರು ದಾರಿಯ ಬಸ್ಸು ಹಿಡಿದು ದೊಡ್ಡಮ್ಮನ ಮನೆಗೆ ಹೋಗುತ್ತೇನೆ. ಟೇಪು ಹಿಡಿದು ಪಾದದ ಗಂಟು, ಮೀನಖಂಡ, ಮೊಣಕಾಲಿನ ಸುತ್ತಳತೆ ತೆಗೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಮೀನಖಂಡದಲ್ಲಿ 3 ಸೆಂ.ಮೀ. ಇಳಿದಿದೆ. ಬಿಗಿಪಟ್ಟಿ ಬಿಟ್ಟ ವಾರ ಅದರಲ್ಲಿ ಒಂದು ಸೆಂ.ಮೀ. ವಾಪಸ್ ಬಂದಿತ್ತು, ಸೆಕೆಯಲ್ಲಿ ಪಟ್ಟಿ ಸುತ್ತಿಕೊಂಡಿರುವುದು ಹಿಂಸೆಯೇ. ಪೂರ್ತಿ ಗುಣವಾಗುವುದಿಲ್ಲ ಎಂಬುದು ಅವರಿಗೂ ಗೊತ್ತು.

ಅವರಿಗಿದ್ದ ಹೆದರಿಕೆ ಬೀಡಿ ಬಿಡಿಸುತ್ತಾರೇನೋ ಎಂದು. ಬಿಡಬೇಕಿಲ್ಲ, ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಎರಡು ಸುತ್ತು ಬನ್ನಿ, ಕುಳಿತಾಗ ಪಾದ ಮೇಲೆ ಕೆಳಗೆ ಆಡಿಸುತ್ತಿರಿ ಎಂದಿದ್ದಾರೆ ಫಿಸಿಯೋಥೆರಪಿಸ್ಟ್. ಈಗ ಒಂದು ಕಟ್ಟು ಬೀಡಿ ಆದ ಕೂಡಲೇ ದೊಡ್ಡಮ್ಮ ಏಳುತ್ತಾರೆ. ಸೆಮಿಸ್ಟರ್ ರಜೆಯಲ್ಲಿ ಅವರನ್ನು ಉಳಿಯತ್ತಡ್ಕಕ್ಕೂ ಕರೆದುಕೊಂಡು ಹೋಗಬೇಕೆಂದಿದ್ದೇನೆ. ವಿಟ್ಲದ ಮೇಲೆ ಹೋಗುವುದೋ ಮಂಗಳೂರಿನ ಮೇಲೆ ಹೋಗುವುದೋ ಎಂದು ಅವರೇ ಕೇಳುತ್ತಿದ್ದಾರೆ.