ಬೆಳ್ಳಿಚುಕ್ಕಿಯೋ ಬೇಹುಗಾರ ವಿಮಾನವೋ?

ವಿದ್ಯಾರ್ಥಿಗಳೇ, ಕಾಗವಾಡ ತಾಲ್ಲೂಕಿನ ಐನಾಪುರದಂಥ ಊರುಗಳಲ್ಲಿ ಹಿರಿಯರು “ಬೆಳ್ಳಿ ಮೂಡಿತು” ಎಂದರೆ ಬೆಳಗಾಗುತ್ತ ಬಂತು, ಏಳುವ ಹೊತ್ತಾಯಿತು ಎಂದೇ ಅರ್ಥ. ಆ ಬೆಳ್ಳಿಚುಕ್ಕಿಯೇ ಶುಕ್ರಗ್ರಹ. ಹೊಲಕ್ಕೆ ಹೊರಟವರಿಗೆ ಗಡಿಯಾರವಾಗಿದ್ದ ಈ ಬೆಳಕು ಗಡಿ ಕಾಯುವ ಸೈನಿಕರಿಗೆ ಪರದೇಶದ ವಿಮಾನದಂತೆ ಕಂಡೀತೆ? ನಮ್ಮ ದೇಶದಲ್ಲೇ ಹಾಗೆ ಆದದ್ದುಂಟು.

2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖಿನ ಪ್ಯಾಂಗಾಂಗ್ ಸರೋವರದ ಆಸುಪಾಸಿನಲ್ಲಿ ನಮ್ಮ ಸೈನಿಕರು ಗುರುತು ಸಿಗದ ಬೆಳಕುಗಳನ್ನು 329 ಬಾರಿ ಕಂಡು ದಾಖಲಿಸಿದರು. 155 ಬಾರಿ ಅವು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ಬಂದವೆಂದೂ ಭಾವಿಸಲಾಯಿತು. ಚೀನಾದ ಕಡೆಯ ದಿಗಂತದಿಂದ ಮೇಲೇರಿ, ಗಂಟೆಗಟ್ಟಲೆ ನಿಧಾನವಾಗಿ ಸಾಗಿ ಮರೆಯಾಗುವ ಬೆಳಕು ಚಾಲಕರಹಿತ ಬೇಹುಗಾರ ವಿಮಾನದ್ದೇ ಎಂಬ ಸಂಶಯ ಸಹಜವಾಗಿತ್ತು. 1962ರ ಯುದ್ಧವನ್ನು ಕಂಡ ಗಡಿ ಅದು. ಅಲ್ಲಿ ಒಂದು ತಪ್ಪು ತಿಳಿವಳಿಕೆ ಗುಂಡಿನ ಚಕಮಕಿಗೆ ದಾರಿ ಮಾಡಬಹುದು.

ಸೇನೆ ಆತುರಪಡಲಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳ ನೆರವು ಕೇಳಿತು. ಲಡಾಖಿನ ಆಕಾಶ ಈ ಸಂಸ್ಥೆಗೆ ಹೊಸದೇನಲ್ಲ. ಹಾನ್ಲೆಯಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಅದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ನಡೆಸುತ್ತದೆ. ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ ಒಂದೇ: ಈ ಬೆಳಕುಗಳು ಭೂಮಿಗೆ ಸೇರಿದವೋ, ಆಕಾಶಕ್ಕೆ ಸೇರಿದವೋ? ಉತ್ತರ 2013ರಲ್ಲಿ ಬೆಳಕಿಗೆ ಬಂತು. ಅವು ಗುರು ಮತ್ತು ಶುಕ್ರ ಗ್ರಹಗಳು!

ಇದನ್ನು ಪತ್ತೆಮಾಡುವುದು ಹೇಗೆ? ಮೂರು ಸಂಗತಿಗಳು ಬೇಕು: ಕಂಡ ಹೊತ್ತು, ಕಂಡ ದಿಕ್ಕು, ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಎಂಬ ಲೆಕ್ಕ. ಗ್ರಹಗಳು ಯಾವ ದಿನ, ಯಾವ ಗಳಿಗೆಯಲ್ಲಿ, ಎಲ್ಲಿರುತ್ತವೆ ಎಂಬುದನ್ನು ಮೊದಲೇ ಗಣಿಸಬಹುದು. ಭೂಮಿ ತಿರುಗುವುದರಿಂದ ಗ್ರಹವು ನಕ್ಷತ್ರಗಳ ಜೊತೆಯಲ್ಲೇ ಗಂಟೆಗೆ ಸುಮಾರು 15 ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತದೆ. ಯಾವ ವಿಮಾನವೂ ರಾತ್ರಿ ರಾತ್ರಿಯೂ ಈ ವೇಳಾಪಟ್ಟಿಯನ್ನು ಪಾಲಿಸುವುದಿಲ್ಲ. 2012ರ ಡಿಸೆಂಬರ್ ಮೊದಲ ವಾರದಲ್ಲಿ ಗುರು ಸೂರ್ಯನಿಗೆ ನೇರ ಎದುರಿನಲ್ಲಿದ್ದು, ಸಂಜೆ ಮೂಡಣದಲ್ಲಿ ಹುಟ್ಟಿ ಇರುಳಿಡೀ ಬೆಳಗುತ್ತಿತ್ತು. ಬೆಳಕುಗಳು ರೇಡಾರಿಗೆ ಸಿಕ್ಕಲಿಲ್ಲವೆಂದು ಪತ್ರಿಕೆಗಳು ಆಗ ಬರೆದಿದ್ದವು. 60 ಕೋಟಿ ಕಿಲೋಮೀಟರಿಗೂ ದೂರದ ಗ್ರಹ ಅಂಥ ರೇಡಾರಿಗೆ ಸಿಕ್ಕುವುದಾದರೂ ಹೇಗೆ?

ಹಾಗಾದರೆ ನುರಿತ ಸೈನಿಕರ ಕಣ್ಣೂ ಮೋಸಹೋದದ್ದೇಕೆ? ಪ್ಯಾಂಗಾಂಗ್ ಸರೋವರ ಸಮುದ್ರಮಟ್ಟದಿಂದ 4,200 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿನ ತೆಳುವಾದ, ಧೂಳಿಲ್ಲದ ಗಾಳಿಯಲ್ಲಿ ಗ್ರಹಗಳು ನಾವು ಕಾಣುವುದಕ್ಕಿಂತ ಪ್ರಖರವಾಗಿ ಹೊಳೆಯುತ್ತವೆ. ಕತ್ತಲಲ್ಲಿ ಒಂಟಿ ಬೆಳಕು ಹತ್ತಿರವೋ ದೂರವೋ ಎಂದು ಅಳೆಯಲು ಕಣ್ಣಿಗೆ ಆಧಾರವೇ ಇರುವುದಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟದ್ದು ಸೈನಿಕರ ಕರ್ತವ್ಯನಿಷ್ಠೆ. ಆ ದಾಖಲೆ ಇದ್ದುದರಿಂದಲೇ ತನಿಖೆಗೆ ಒಂದು ಹಿಡಿ ಸಿಕ್ಕಿತು.

ಅಮೆರಿಕದ ವಾಯುಪಡೆಯೂ ‘ಬ್ಲೂ ಬುಕ್’ ಎಂಬ ಯೋಜನೆಯಡಿ 1969ರವರೆಗೆ ಇಂಥ 12,618 ವರದಿಗಳನ್ನು ಕಲೆಹಾಕಿತು. ಹೆಚ್ಚಿನವು ಗ್ರಹ, ನಕ್ಷತ್ರ, ಬಲೂನು, ವಿಮಾನಗಳೆಂದು ತಿಳಿಯಿತು. 701 ಮಾತ್ರ ಗುರುತು ಸಿಗದೆ ಉಳಿದವು. ‘ಗುರುತು ಸಿಗದ’ ಎಂದರೆ ‘ಅನ್ಯಲೋಕದ’ ಎಂದಲ್ಲ, ‘ಶತ್ರುವಿನ’ ಎಂದೂ ಅಲ್ಲ. ‘ಇನ್ನೂ ತಿಳಿದಿಲ್ಲ’ ಎಂದಷ್ಟೇ ಅದರ ಅರ್ಥ.

ನೀವೂ ಪ್ರಯತ್ನಿಸಿ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಪರಿಚಿತ ಬೆಳಕೊಂದು ಕಂಡರೆ ಹೊತ್ತು, ದಿಕ್ಕು, ಎತ್ತರಗಳನ್ನು ಬರೆದಿಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ, ಮರುದಿನವೂ ಅಳೆಯಿರಿ. ಊರಲ್ಲಿ ಸುದ್ದಿ ಹಬ್ಬಿಸುವ ಮುನ್ನ ನಿಮ್ಮ ನೋಟ್‌ಬುಕ್ಕನ್ನು ಒಮ್ಮೆ ವಿಜ್ಞಾನದ ಮೇಷ್ಟರಿಗೆ ತೋರಿಸಿ.